ಸೂರಿನಂಚಿನ ಮಂಜುಗಡ್ಡೆ: ಒಂದು ಸಾಲು ಐಸ್ ಬ್ಯಾರಿಯರ್ ಸಾಕೇ?

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ನಮ್ಮ ಮನೆ. ಹೋದ ಚಳಿಗಾಲದಲ್ಲಿ ಸೂರಿನಂಚಿಗೆ ಮಂಜುಗಡ್ಡೆ ಕಟ್ಟಿ, ನೀರು ಒಳಗಿಳಿದು ಮಲಗುವ ಕೋಣೆಯ ಸೀಲಿಂಗ್ ಹಾಳಾಯಿತು. ಈಗ ಶಿಂಗಲ್ (ಚಾವಣಿಗೆ ಹೊದಿಸುವ ತೆಳು ಬಿಲ್ಲೆಗಳು) ಬದಲಿಸುತ್ತಿದ್ದೇವೆ. ಸೂರು ಗೋಡೆಯಿಂದ ಎರಡು ಅಡಿ ಮುಂದೆ ಚಾಚಿದೆ, ಇಳಿಜಾರು 6/12 (12 ಇಂಚು ಅಡ್ಡಕ್ಕೆ 6 ಇಂಚು ಏರಿಕೆ). "36 ಇಂಚಿನ ಐಸ್ ಬ್ಯಾರಿಯರ್ (ಶಿಂಗಲ್ ಕೆಳಗೆ ಹಾಸುವ, ನೀರು ತಡೆಯುವ ಹಾಳೆ) ಒಂದು ಸಾಲು ಹಾಕಿದರೆ ಕಟ್ಟಡ ಕೋಡ್‌ಗೆ ಸಾಕು, ಶಿಂಗಲ್‌ಗೆ ಹೇಗೂ ಲೈಫ್‌ಟೈಮ್ ವಾರಂಟಿ ಇದೆ" ಎನ್ನುತ್ತಾರೆ ಗುತ್ತಿಗೆದಾರರು. ನಂಬಬಹುದೇ?

ಉತ್ತರ: ಆ ಎರಡು ಮಾತಿನಲ್ಲಿ ಯಾವುದನ್ನೂ ಒಪ್ಪಬೇಡಿ.

ನಿಮ್ಮ ರಾಜ್ಯ ಮಿನ್ನೆಸೋಟದ ಕಟ್ಟಡ ನಿಯಮಗಳಿಗೆ ಆಧಾರವಾಗಿರುವ ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್ ಪ್ರಕಾರ, ಐಸ್ ಬ್ಯಾರಿಯರ್ ಸೂರಿನ ಕೆಳ ಅಂಚಿನಿಂದ ಶುರುವಾಗಿ ಹೊರಗೋಡೆಯ ಗೆರೆ ದಾಟಿ ಕನಿಷ್ಠ 24 ಇಂಚು ಒಳಗೆ ಬರಬೇಕು. ಅಳತೆ ಲೆಕ್ಕ ಶುರುವಾಗುವುದು ಗೋಡೆಯಿಂದ, ರೋಲಿನ ಅಗಲದಿಂದಲ್ಲ. ನಿಮ್ಮ ಸೂರು 24 ಇಂಚು, ಗೋಡೆಯಿಂದ ಒಳಗೆ 24, ಒಟ್ಟು 48 ಇಂಚು ಅಡ್ಡಳತೆ. 6/12 ಇಳಿಜಾರಿನ ಮೇಲೆ ಅದು ಸುಮಾರು 54 ಇಂಚಾಗುತ್ತದೆ. 36 ಇಂಚಿನ ಒಂದೇ ಸಾಲು ಹಾಕಿದರೆ ಗೋಡೆಯಿಂದ ಒಳಗೆ ಸಿಗುವುದು ಬರೀ 8 ಇಂಚು. ಮಂಜುಗಡ್ಡೆಯ ಕಟ್ಟೆಯ ಹಿಂದೆ ನೀರು ಅದಕ್ಕಿಂತ ಮೇಲೂ ನಿಲ್ಲಬಹುದು, ನಿಮ್ಮ ಕೋಣೆಯ ನೆತ್ತಿಯ ಮೇಲೆಯೇ. ಹಾಗಾಗಿ ಎರಡು ಸಾಲು ಬೇಕೇ ಬೇಕು. ಕೋಡ್‌ನಲ್ಲಿ 36 ಇಂಚಿನ ಮಾತು ಇದೆ ನಿಜ. ಆದರೆ ಅದು 8/12 ಅಥವಾ ಅದಕ್ಕಿಂತ ಕಡಿದಾದ ಚಾವಣಿಗೆ ಹೇಳಿದ ಹೆಚ್ಚುವರಿ ಷರತ್ತು, 24 ಇಂಚಿನ ನಿಯಮಕ್ಕೆ ಬದಲಿಯಲ್ಲ.

ವಾರಂಟಿಯ ವಿಷಯ. ಶಿಂಗಲ್ ಕಂಪನಿಗಳ ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಮಂಜುಗಡ್ಡೆಯಿಂದ ಹಿಂದೊತ್ತಿದ ನೀರಿನ ಹಾನಿಯನ್ನು ಅವು ಹೊರಗಿಡುವುದೇ ಹೆಚ್ಚು. ಅಟ್ಟಕ್ಕೆ ಸಾಕಷ್ಟು ಗಾಳಿಯಾಡದಿದ್ದರೂ ಕ್ಲೇಮ್ ತಿರಸ್ಕರಿಸಬಹುದು. ಕೆಲಸದ ಲೋಪಕ್ಕೆ ಹೊಣೆ ಗುತ್ತಿಗೆದಾರರದು. ಅದು ಎಷ್ಟು ವರ್ಷ, ಸೋರಿಕೆಯಿಂದ ಒಳಗಾಗುವ ಹಾನಿಯೂ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಐಸ್ ಬ್ಯಾರಿಯರ್ ನೀರನ್ನು ತಡೆಯುತ್ತದೆಯೇ ಹೊರತು ಮಂಜುಗಡ್ಡೆ ಕಟ್ಟುವುದನ್ನಲ್ಲ. ಮನೆಯ ಬಿಸಿಗಾಳಿ ಅಟ್ಟಕ್ಕೆ ನುಗ್ಗಿ ಮೇಲಿನ ಹಿಮ ಕರಗಿಸುತ್ತದೆ, ಆ ನೀರು ತಣ್ಣನೆಯ ಸೂರಿಗೆ ಬಂದು ಹೆಪ್ಪುಗಟ್ಟುತ್ತದೆ. ಆದ್ದರಿಂದ ಮೊದಲು ಸೀಲಿಂಗ್ ದೀಪಗಳ ಸುತ್ತ, ಕೊಳಾಯಿ ಪೈಪು ಮೇಲೇರುವ ಕಡೆ, ಅಟ್ಟದ ಬಾಗಿಲಲ್ಲಿ ಸಂದು ಮುಚ್ಚಿಸಿ. ಬಾತ್‌ರೂಮ್ ಫ್ಯಾನಿನ ಗಾಳಿ ಅಟ್ಟದೊಳಗೆ ಬಿಡದೆ ಹೊರಗೆ ಹೋಗಲಿ. ಅಟ್ಟದ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಹೆಚ್ಚಿಸುವುದು ಆಮೇಲೆ. ನಿಮ್ಮ ಚಳಿಗೆ ಆರ್-49ಕ್ಕಿಂತ ಕಡಿಮೆ ಬೇಡ (ಆರ್ ಎಂದರೆ ಶಾಖ ತಡೆಯುವ ಸಾಮರ್ಥ್ಯದ ಅಳತೆ). ಸೂರಿನ ಅಡಿ ಹಲಗೆಯಾದ ಸಾಫಿಟ್‌ನಿಂದ ಗಾಳಿ ಬರುವ ಕಡೆ ಇನ್ಸುಲೇಷನ್‌ಗೂ ಚಾವಣಿ ಹಲಗೆಗೂ ನಡುವೆ ಒಂದು ಇಂಚಾದರೂ ತೆರವಿರಬೇಕು. ಎಷ್ಟೋ ಮನೆಗಳಲ್ಲಿ ಹೊಸದಾಗಿ ತುಂಬಿದ ಇನ್ಸುಲೇಷನ್ನೇ ಆ ದಾರಿ ಮುಚ್ಚಿಬಿಡುತ್ತದೆ.

ಪರ್ಮಿಟ್ ತೆಗೆಸಿಯೇ ಕೆಲಸ ಮಾಡಿಸಿ. ಶಿಂಗಲ್ ಹೊದಿಸಿದ ಮೇಲೆ ಒಳಗಿರುವುದು ಒಂದು ಸಾಲೋ ಎರಡೋ ಯಾರಿಗೂ ಕಾಣದು. ಹೊದಿಸುವ ಮೊದಲೇ ಗೋಡೆಯ ಗೆರೆಯಿಂದ ಟೇಪ್ ಹಿಡಿಸಿ, ಅಳತೆ ಕಾಣುವಂತೆ ಫೋಟೊ ತೆಗೆಸಿ ಇಟ್ಟುಕೊಳ್ಳಿ.