ಜಿಆರ್ 86 ಸಾಕಾ, ಕೇಮನ್–ಎಂ2 ಕಡೆ ಹೋಗಬೇಕಾ? ಫ್ರೀಮಾಂಟ್ ಗೆಳೆಯರ ಪ್ರಶ್ನೆಗೆ ಉತ್ತರ

ನಿಮ್ಮ ಪ್ರಶ್ನೆ ಓದಿದೆ, ಅದರ ಕೆಳಗೆ ನಡೆದ ಜಗಳಾನೂ ಓದಿದೆ. ನೀವು ಕೇಳಿದ್ದು ಇಷ್ಟು: ಕೈಯಲ್ಲಿ ಸುಮಾರು 38 ಸಾವಿರ ಡಾಲರ್ ಇದೆ. ಒಂದು ಸ್ಪೋರ್ಟ್ಸ್ ಕಾರು ಬೇಕು. ಹೊಸ ಟೊಯೋಟಾ ಜಿಆರ್ 86 ಮ್ಯಾನ್ಯುವಲ್ ತಗೊಳ್ಳೋದಾ, ಅದೇ ದುಡ್ಡಿಗೆ ಹತ್ತು ವರ್ಷದ ಹಳೇ ಪೋರ್ಷೆ ಕೇಮನ್ ಹುಡುಕೋದಾ, ಇಲ್ಲಾ ಸಾಲ ಮಾಡಿ ಬಿಎಂಡಬ್ಲ್ಯು ಎಂ2ಗೇ ಕೈ ಹಾಕೋದಾ. ವಾರವೆಲ್ಲ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಸನಿವೇಲ್‌ಗೆ ಆಫೀಸು, ಭಾನುವಾರ ಬೆಳಿಗ್ಗೆ ಸ್ಕೈಲೈನ್ ಅನ್ನೋ ಬೆಟ್ಟದ ರಸ್ತೆ, ವರ್ಷಕ್ಕೆ ಮೂರ್ನಾಲ್ಕು ಸಲ ಟ್ರ್ಯಾಕ್ ಡೇ (ನಮ್ಮ ಕಾರನ್ನ ರೇಸ್ ಟ್ರ್ಯಾಕ್‌ನಲ್ಲಿ ಓಡಿಸೋ ದಿನ) ಆಸೆ, ಮನೇಲಿ ನಾಲ್ಕು ವರ್ಷದ ಮಗಳು.

ಅದಕ್ಕೆ ಬಂದ ಮೊದಲ ಉತ್ತರ, "228 ಎಚ್‌ಪಿಗೆ ಅಷ್ಟು ದುಡ್ಡಾ? ಮಸ್ಟಾಂಗ್ ಜಿಟಿ ತಗೊಳ್ಳಿ ಗುರೂ, 480 ಬರುತ್ತೆ." ಆ ಲೆಕ್ಕ ತಪ್ಪಲ್ಲ. ಒಂದು ಡಾಲರ್‌ಗೆ ಎಷ್ಟು ಎಚ್‌ಪಿ ಅಂತ ನೋಡೋದಾದ್ರೆ ಮಸ್ಟಾಂಗ್ ಮುಂದೆ ಇವು ಯಾವುದೂ ನಿಲ್ಲಲ್ಲ. ಆದ್ರೆ ಹಾಗೆ ನೋಡಿದ್ರೆ ಕೇಮನ್ ತಗೊಳ್ಳೋರೆಲ್ಲ ಹುಚ್ಚರೇ ಆಗ್ಬೇಕು. ಅವರು ದುಡ್ಡು ಕೊಡೋದು ಬೇರೆ ಯಾವುದಕ್ಕೋ. ಅದು ಏನು, ನಿಮಗೆ ಅದು ಬೇಕಾ ಅನ್ನೋದೇ ಇಲ್ಲಿ ಪ್ರಶ್ನೆ.

ನನ್ನ ಪಕ್ಷಪಾತ ಎಲ್ಲಿದೆ ಅಂತ ಮೊದಲೇ ಹೇಳಿಬಿಡ್ತೀನಿ. ನಾನು ಓಡಿಸೋದು ಜಿಆರ್ 86. ನನ್ನ ತಮ್ಮನ ಹತ್ರ 981 ಕೇಮನ್ ಇದೆ, ಅಂದ್ರೆ ನೀವು ಹುಡುಕ್ತಿರೋ ಹತ್ತು ವರ್ಷ ಹಿಂದಿನ ಪೀಳಿಗೆಯದು. ಇಬ್ಬರೂ ವಿಲೋಸ್ ಹತ್ರದ ಥಂಡರ್‌ಹಿಲ್ ರೇಸ್ ಟ್ರ್ಯಾಕ್‌ಗೆ ಒಟ್ಟಿಗೇ ಹೋಗ್ತೀವಿ, ಅಲ್ಲಿ ಕಾರು ಅದಲುಬದಲು ಮಾಡ್ಕೊಂಡು ಓಡಿಸ್ತೀವಿ.

ಮೊದಲು ತೂಕ. ಜಿಆರ್ 86 ಸುಮಾರು 1,280 ಕೆಜಿ. 2.7 ಲೀಟರಿನ 981 ಕೇಮನ್ ಅದಕ್ಕಿಂತ ಒಂಚೂರು ಜಾಸ್ತಿ, 1,330ರ ಆಸುಪಾಸು, 275 ಎಚ್‌ಪಿ. ಈಗಿನ ಎಂ2 ಮತ್ತು ಮಸ್ಟಾಂಗ್ ಜಿಟಿ ಎರಡೂ 1,700 ಕೆಜಿ ಮೀರಿದ ಗಾಡಿಗಳು, ಎಚ್‌ಪಿ 470–480. ಅಂದ್ರೆ ಟನ್ನಿಗೆ ಎಷ್ಟು ಎಚ್‌ಪಿ ಅಂತ ಲೆಕ್ಕ ಹಾಕಿದ್ರೆ ಜಿಆರ್ 86ಗೆ 180 ಹತ್ತಿರ, ಕೇಮನ್‌ಗೆ 205ರ ಸುತ್ತ, ಎಂ2ಗೆ 275. ನೇರ ರಸ್ತೆಯಲ್ಲಿ ಎಂ2 ನಿಮ್ಮನ್ನ ಬಿಟ್ಟು ಹೋಗುತ್ತೆ, ಅದರಲ್ಲಿ ಅನುಮಾನವೇ ಬೇಡ. ಸೊನ್ನೆಯಿಂದ ಗಂಟೆಗೆ 60 ಮೈಲಿ ವೇಗ ಮುಟ್ಟೋಕೆ ಎಂ2ಗೆ ನಾಲ್ಕು ಸೆಕೆಂಡಿನ ಆಸುಪಾಸು ಸಾಕು, 86ಗೆ ಆರರ ಹತ್ತಿರ ಬೇಕು. ಆದ್ರೆ ಕೇಮನ್‌ಗೂ 86ಗೂ ಇರೋ ಅಂತರ ಜನ ಅಂದ್ಕೊಂಡಷ್ಟು ದೊಡ್ಡದಲ್ಲ.

ಈಗ ನಿಮ್ಮ ಸ್ಕೈಲೈನ್‌ಗೆ ಬರೋಣ. ವುಡ್‌ಸೈಡ್ ಕಡೆಯಿಂದ ಹೈವೇ 84 ಹತ್ತಿ ಆಲಿಸಸ್ ರೆಸ್ಟೋರೆಂಟ್ ಮುಂದೆ ಹೈವೇ 35ಕ್ಕೆ (ಅದೇ ಸ್ಕೈಲೈನ್) ತಿರುಗಿದ್ರೆ, ವೇಗದ ಮಿತಿ ಹೆಚ್ಚು ಕಡೆ 50 ಮೈಲಿಯೊಳಗೇ ಇರುತ್ತೆ. ತಿರುವು ಬಂದ ಕಡೆ ಅದಕ್ಕಿಂತ ಕಮ್ಮಿ. ಸೈಕಲ್ ತುಳಿಯೋರು, ಜಿಂಕೆ, ಮರದ ನೆರಳಲ್ಲಿ ಒಣಗದ ತೇವ, ಎಲ್ಲ ಇರೋ ರಸ್ತೆ. ಇಂಥ ಕಡೆ 86ರಲ್ಲಿ ಎರಡನೇ ಗೇರು ಹಾಕಿ ಎಂಜಿನ್‌ನ 7,500 ಆರ್‌ಪಿಎಂವರೆಗೂ ತಗೊಂಡು ಹೋದ್ರೆ ಆಗೋದು 60 ಮೈಲಿ ಆಸುಪಾಸು. ಎರಡು, ಮೂರು, ಮತ್ತೆ ಎರಡು. ಕೈಗೆ ಕೆಲಸ, ಕಾಲಿಗೆ ಕೆಲಸ. ಅದೇ 981ರ ನಂತರದ ಪೀಳಿಗೆಯ 718 ಕೇಮನ್ ಜಿಟಿಎಸ್ 4.0 ಇದೆಯಲ್ಲ, ಆರು ಸಿಲಿಂಡರಿನ ಅದ್ಭುತ ಎಂಜಿನ್, ಅದರ ಎರಡನೇ ಗೇರೇ 80 ಮೈಲಿ ಹತ್ತಿರ ಹೋಗುತ್ತೆ. ಅಂದ್ರೆ ಆ ಎಂಜಿನ್ ಹಾಡೋದನ್ನ ಒಂದೇ ಒಂದು ಸಲ ಪೂರ್ತಿ ಕೇಳಬೇಕು ಅಂದ್ರೂ ಲೈಸೆನ್ಸ್ ಪಣಕ್ಕಿಡಬೇಕು. ಅಷ್ಟು ಗಟ್ಟಿಯಾದ ಕಾರಿಗೆ ಅಷ್ಟು ಉದ್ದದ ಗೇರು ಯಾಕೆ ಕೊಟ್ರು ಅಂತ ಪೋರ್ಷೆ ಅಭಿಮಾನಿಗಳೇ ಗೊಣಗ್ತಾರೆ. ಎಂ2 ಇನ್ನೂ ವಿಚಿತ್ರ. ಸ್ಕೈಲೈನ್‌ನಲ್ಲಿ ಅದಕ್ಕೆ ಆಕಳಿಕೆ ಬರುತ್ತೆ, ನೀವು ಮಿತಿಯಲ್ಲಿ ಇದ್ದೀರೋ ಇಲ್ಲವೋ ಅಂತ ಸೀಟಿಗೆ ತಿಳಿಯೋದೇ ಇಲ್ಲ, ಮೀಟರ್ ನೋಡಿದಾಗ ಎದೆ ಝಲ್ ಅನ್ನುತ್ತೆ.

ಟೈರ್ ವಿಷಯಾನೂ ಇಲ್ಲೇ ಹೇಳ್ತೀನಿ. ಬೇಸ್ 86ಗೆ ಬರೋದು 17 ಇಂಚಿನ ಮಿಶಲಿನ್ ಪ್ರೈಮಸಿ, ಅಗಲ ಬರೀ 215 ಮಿಲಿಮೀಟರ್. ಸಾಮಾನ್ಯ ಸೆಡಾನ್‌ಗೆ ಹಾಕೋ ಥರದ ಟೈರು. ಪ್ರೀಮಿಯಂ ಮಾಡೆಲ್‌ಗೆ 18 ಇಂಚಿನ ಪೈಲಟ್ ಸ್ಪೋರ್ಟ್ 4 ಬರುತ್ತೆ. ರಸ್ತೆಗೆ ನನ್ನ ಓಟು ಪ್ರೈಮಸಿಗೇ, ಕಮ್ಮಿ ವೇಗದಲ್ಲೇ ಹಿಂದುಗಡೆ ಮೆಲ್ಲಗೆ ಜಾರಿ, ಮತ್ತೆ ಹಿಡಿತಕ್ಕೆ ಬರುತ್ತೆ. ಟಾರ್ಸೆನ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಿಂದಿನ ಒಂದೇ ಚಕ್ರ ಸುಮ್ಮನೆ ತಿರುಗದ ಹಾಗೆ ಎರಡಕ್ಕೂ ಶಕ್ತಿ ಹಂಚೋ ಗೇರ್ ಜೋಡಣೆ) ಎಲ್ಲ ಮಾಡೆಲ್‌ನಲ್ಲೂ ಇರೋದ್ರಿಂದ ಆ ಜಾರಿಕೆ ಹಠಾತ್ತಾಗಿ ಬರಲ್ಲ. ಮಳೆ ಬಂದಾಗ ಮಾತ್ರ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡೋ ಧೈರ್ಯ ಬೇಡ.

ಹಾಗಾದ್ರೆ ಜಾಸ್ತಿ ದುಡ್ಡು ಎಲ್ಲಿಗೆ ಹೋಗುತ್ತೆ? ಅದು ಗೊತ್ತಾಗೋದು ಥಂಡರ್‌ಹಿಲ್‌ನಲ್ಲಿ, ಜುಲೈ ತಿಂಗಳ ಮಧ್ಯಾಹ್ನ, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ. 20 ನಿಮಿಷದ ಸೆಷನ್. ಅರ್ಧ ಆಗೋ ಹೊತ್ತಿಗೆ ನನ್ನ 86ರ ಡ್ಯಾಶ್‌ನಲ್ಲಿ ಆಯಿಲ್ ಟೆಂಪರೇಚರ್ 260 ಮುಟ್ಟಿರುತ್ತೆ, ಇನ್ನೆರಡು ಸುತ್ತು ಹೊಡೆದ್ರೆ ಅದಕ್ಕೂ ಮೇಲೆ. ಅಲ್ಲಿಂದ ಮುಂದೆ ನಾನು ಒಂದು ಸುತ್ತು ಜೋರಾಗಿ, ಒಂದು ಸುತ್ತು ತಣ್ಣಗೆ. ಬ್ರೇಕ್ ಪೆಡಲ್ ಕೂಡ ಮೊದಲು ನಿಂತ ಜಾಗದಲ್ಲಿ ನಿಲ್ಲಲ್ಲ, ಒಂದು ಬೆರಳಷ್ಟು ಒಳಗೆ ಹೋಗುತ್ತೆ. ಅದೇ ಹೊತ್ತಿಗೆ ತಮ್ಮ ಕೇಮನ್‌ನಲ್ಲಿ ಧ್ವಜ ಬೀಳೋವರೆಗೂ ಒಂದೇ ವೇಗದಲ್ಲಿ ಸುತ್ತು ಹಾಕ್ತಾ ಇರ್ತಾನೆ, ಪೆಡಲ್ ಕಲ್ಲಿನ ಹಾಗೆ ನಿಂತಿರುತ್ತೆ. ಬೇಸ್ 981ಗೂ ನಾಲ್ಕೂ ಚಕ್ರಕ್ಕೆ ನಾಲ್ಕು ಪಿಸ್ಟನ್ನಿನ ಫಿಕ್ಸೆಡ್ ಕ್ಯಾಲಿಪರ್ (ಡಿಸ್ಕನ್ನ ಎರಡೂ ಕಡೆಯಿಂದ ಒತ್ತಿ ಹಿಡಿಯೋ ಬ್ರೇಕಿನ ಹಿಡಿ) ಕೊಟ್ಟಿದ್ದಾರೆ. 86ರ ಸ್ಟ್ಯಾಂಡರ್ಡ್ ಬ್ರೇಕು ಮುಂದೆ ಎರಡು ಪಿಸ್ಟನ್, ಅದೂ ಸ್ಲೈಡಿಂಗ್. ಪೋರ್ಷೆಗೆ ಕೊಡೋ ದುಡ್ಡಿನ ದೊಡ್ಡ ಪಾಲು ಇಲ್ಲಿದೆ: ಬಿಸಿ ತಡೆಯೋ ಶಕ್ತಿ. ಬ್ರೋಷರ್‌ನಲ್ಲಿ ಅದಕ್ಕೆ ಒಂದು ಸಾಲೂ ಇರಲ್ಲ.

ಇನ್ನೊಂದು ಪಾಲು ಸ್ಟಿಯರಿಂಗ್‌ನಲ್ಲಿದೆ, ಮಧ್ಯದಲ್ಲಿ ಕೂತ ಎಂಜಿನ್‌ನಲ್ಲಿದೆ. ತಿರುವಿನ ನಡುವೆ ರಸ್ತೆ ಉಬ್ಬು ಸಿಕ್ಕಿದ್ರೆ 86 ಒಮ್ಮೆ ಅದುರಿ ಹಿಡಿದ ದಾರಿಯಿಂದ ಸ್ವಲ್ಪ ಸರಿಯುತ್ತೆ, ಕೇಮನ್ ಉಬ್ಬನ್ನ ನುಂಗಿಕೊಂಡು ಹೋಗುತ್ತೆ. ಇದನ್ನ ಅಲ್ಲಗಳೆಯೋಕೆ ಆಗಲ್ಲ. ಒಳಗಿನ ಪ್ಲಾಸ್ಟಿಕ್, ಹೈವೇ 880ರ ಕಾಂಕ್ರೀಟ್ ಮೇಲಿನ ಟೈರ್ ಸದ್ದು, ಇವೆಲ್ಲ ಹೇಳೋದೇ ಬೇಡ. ದಿನಾ ಹೋಗಿ ಬರೋ ನಿಮಗೆ 86ರ ಗಲಾಟೆ ಕಿರಿಕಿರಿ ಮಾಡೇ ಮಾಡುತ್ತೆ. 2024ರಿಂದ ಮ್ಯಾನ್ಯುವಲ್‌ಗೂ ಐಸೈಟ್ (ಕ್ಯಾಮೆರಾ ನೋಡಿ ಚಾಲಕನಿಗೆ ನೆರವಾಗೋ ವ್ಯವಸ್ಥೆ) ಕೊಟ್ಟಿರೋದ್ರಿಂದ, ಮುಂದಿನ ಗಾಡಿಗೆ ತಕ್ಕಂತೆ ವೇಗ ಹೊಂದಿಸೋ ಅಡಾಪ್ಟಿವ್ ಕ್ರೂಸ್ ಆದ್ರೂ ಸಿಗುತ್ತೆ, ಅದಕ್ಕಿಂತ ಹಿಂದಿನದು ತಗೋಬೇಡಿ.

86ರ ಎಂಜಿನ್ ಬಗ್ಗೆ ಇಲ್ಲಿ ಕೆಲವರು ಹೆದರಿಸಿದ್ದಾರೆ. ಎರಡು ವಿಷಯ ನಿಜ. ಒಂದು, ಎಂಜಿನ್ ಜೋಡಿಸುವಾಗ ಬಳಸಿದ ಸೀಲಂಟ್‌ನ ಚೂರುಗಳು ಎಂಜಿನ್ ಆಯಿಲ್ ಹೀರೋ ಕೊಳವೆಯ ಜಾಲರಿಯಲ್ಲಿ ಸಿಕ್ಕಿದ್ದನ್ನ ಹಲವು ಮಾಲೀಕರು ಬಿಚ್ಚಿ ತೋರಿಸಿದ್ದಾರೆ. ಎರಡು, ಹಿಡಿತ ಜಾಸ್ತಿ ಇರೋ ಟೈರ್ ಹಾಕಿ ಉದ್ದನೆಯ ಬಲ ತಿರುವಿನಲ್ಲಿ ಒತ್ತಿದ್ರೆ ಆಯಿಲ್ ಪ್ರೆಷರ್ ಇಳಿಯುತ್ತೆ. ಥಂಡರ್‌ಹಿಲ್‌ನ ಉದ್ದನೆಯ ಎರಡನೇ ತಿರುವು ಎಡಕ್ಕಿದೆ, ಪುಣ್ಯ. ನಿಮ್ಮ ಹಾಗೆ ವರ್ಷಕ್ಕೆ ಮೂರ್ನಾಲ್ಕು ಸಲ ಹೋಗೋರು ಫ್ಯಾಕ್ಟರಿ ಟೈರಲ್ಲೇ ಇರಿ, ಆಯಿಲ್ ಮಟ್ಟ ಮೇಲಿನ ಗುರುತಿಗೆ ಇಡಿ, ಟ್ರ್ಯಾಕ್ ಡೇ ಆದ ಕೂಡಲೇ ಆಯಿಲ್ ಬದಲಿಸಿ. ಸ್ಲಿಕ್ ಟೈರ್ (ಗೀರೇ ಇಲ್ಲದ ರೇಸ್ ಟೈರ್) ಕಡೆ ಮನಸ್ಸು ಹೋದ ದಿನ ಆಯಿಲ್ ಕೂಲರ್ ಮತ್ತು ತಿರುವಿನಲ್ಲಿ ಆಯಿಲ್ ಒಂದೇ ಕಡೆ ಸರಿಯದ ಹಾಗೆ ತಡೆಯೋ ಬ್ಯಾಫಲ್ ಬಗ್ಗೆ ಮಾತಾಡೋಣ. ಎಕ್ಸಾಸ್ಟ್ ಹೆಡರ್ (ಎಂಜಿನ್‌ನಿಂದ ಹೊಗೆ ಹೊರಬರೋ ಕೊಳವೆಗಳು) ಬದಲಿಸೋ ಆಸೆ ಇದ್ರೆ, ಕ್ಯಾಲಿಫೋರ್ನಿಯಾದಲ್ಲಿ ಕಾರ್ಬ್ (ರಾಜ್ಯದ ವಾಯು ಮಂಡಳಿ) ಅನುಮತಿ ಸಂಖ್ಯೆ ಇಲ್ಲದ್ದು ಹಾಕಿ ಸ್ಮಾಗ್ (ಹೊಗೆ) ಪರೀಕ್ಷೆ ಹೊತ್ತಿಗೆ ಪರದಾಡಬೇಡಿ.

ಹಳೇ 86, ಅಂದ್ರೆ 2012ರಿಂದ ಬಂದ 2.0 ಲೀಟರಿನದು, ಅಗ್ಗಕ್ಕೆ ಸಿಗುತ್ತಲ್ಲ ಅಂತ ಒಬ್ಬರು ಕೇಳಿದ್ದಾರೆ. ಅದು 4,000 ಆರ್‌ಪಿಎಂ ಸುತ್ತ ಸೊರಗುತ್ತೆ, ಬೆಟ್ಟದ ರಸ್ತೆಯಲ್ಲಿ ಬೇಕಾಗೋದೇ ಅಲ್ಲಿ. ಹೊಸ 2.4 ಲೀಟರ್ ಎಂಜಿನ್ 3,700ಕ್ಕೇ ಪೂರ್ತಿ ಟಾರ್ಕ್ ಕೊಡುತ್ತೆ. ಹೆಚ್ಚು ದುಡ್ಡು ಕೊಟ್ಟು ಹೊಸದೇ ತಗೊಳ್ಳಿ.

ಈಗ ಖರ್ಚು. ಕಾರಿನ ಬೆಲೆ ಒಂದು ಸಲದ ಮಾತು, ಉಳಿದದ್ದು ಪ್ರತಿ ವರ್ಷ ಬರುತ್ತೆ. 86ಗೆ ನಾಲ್ಕೂ ಟೈರ್ ಒಂದೇ ಅಳತೆ, ಹಿಂದೆ ಮುಂದೆ ಬದಲಿಸ್ಕೊಂಡು ಸಮನಾಗಿ ಸವೆಸಬಹುದು. ಎಂ2ಗೆ ಮುಂದೆ 19 ಇಂಚು, 275 ಅಗಲ, ಹಿಂದೆ 20 ಇಂಚು, 285 ಅಗಲ, ಬದಲಿಸೋ ಹಾಗೇ ಇಲ್ಲ. 1,700 ಕೆಜಿಯನ್ನ ಪ್ರತಿ ಸುತ್ತೂ ನಿಲ್ಲಿಸೋ ಪ್ಯಾಡು, ಡಿಸ್ಕು ಎಷ್ಟು ಬೇಗ ಸವೆಯುತ್ತೆ ಅಂತ ಕೇಳಲೇಬೇಡಿ. ನಿಮ್ಮ ಮಾಮೂಲಿ ಇನ್ಶೂರೆನ್ಸ್ ಟ್ರ್ಯಾಕ್‌ನಲ್ಲಿ ಸಾಮಾನ್ಯವಾಗಿ ನಡೆಯಲ್ಲ, ಆ ದಿನಕ್ಕೆ ಬೇರೆ ಪಾಲಿಸಿ ಮಾಡಿಸಬೇಕು, ಅದರ ಪ್ರೀಮಿಯಂ ಕಾರಿನ ಬೆಲೆ ನೋಡ್ಕೊಂಡು ಏರುತ್ತೆ. ಸೇಲ್ಸ್ ಟ್ಯಾಕ್ಸ್ ನಿಮ್ಮ ಊರಲ್ಲಿ 10% ಮೇಲೇ ಇದೆ. ಎಂ2 ಬೆಲೆ 65 ಸಾವಿರ ದಾಟುತ್ತೆ ಅನ್ನೋದಾದ್ರೆ, ಅದಕ್ಕೂ 86ಗೂ ತೆರಿಗೆಯಲ್ಲೇ ಮೂರು ಸಾವಿರದ ಮೇಲೆ ವ್ಯತ್ಯಾಸ. ಆ ದುಡ್ಡಲ್ಲಿ 86ಗೆ ಒಂದು ಸೆಟ್ ಟೈರು, ಒಳ್ಳೆ ಪ್ಯಾಡು, ಬ್ರೇಕ್ ಫ್ಲೂಯಿಡ್, ಮತ್ತೆ ಕೆಲವು ಟ್ರ್ಯಾಕ್ ಡೇ ಫೀಸು ಆಗುತ್ತೆ. ಹೊಸ 86 ತಗೊಂಡ್ರೆ ಟೊಯೋಟಾದವರೇ ಒಂದು ವರ್ಷದ ನಾಸಾ (ರಾಕೆಟ್ ಬಿಡೋರಲ್ಲ, ರೇಸು ನಡೆಸೋರು) ಸದಸ್ಯತ್ವ, ಒಂದು ಟ್ರ್ಯಾಕ್ ತರಬೇತಿ ದಿನ ಪುಕ್ಕಟೆ ಕೊಡ್ತಾರೆ. ಆ ತರಬೇತಿ ಬಿಡಬೇಡಿ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿರ್ತಾರೆ.

ಸಾಲ ಮಾಡಿ ಎಂ2 ಅನ್ನೋ ಯೋಚನೆಗೆ ನನ್ನ ಸಮ್ಮತಿ ಇಲ್ಲ. ಅದು ಕೆಟ್ಟ ಕಾರಲ್ಲ, ಕಂತು ಕಟ್ಟಿಕೊಂಡಿರೋ ಕಾರನ್ನ ಯಾರೂ ಟ್ರ್ಯಾಕ್‌ನಲ್ಲಿ ಮನಸ್ಸು ಬಿಚ್ಚಿ ಓಡಿಸಲ್ಲ, ಅಷ್ಟೇ. ಮಸ್ಟಾಂಗ್ ಜಿಟಿ ವಿ8 ಸದ್ದು ಬೇಕು, ಟ್ರ್ಯಾಕ್ ಬೇಡ ಅನ್ನೋರಿಗೆ ಒಳ್ಳೇದು. ನಿಸಾನ್ ಝಡ್ ಬಗ್ಗೆ ಹೇಳೋಕೆ ನನ್ನ ಹತ್ರ ಹೆಚ್ಚೇನಿಲ್ಲ, 400 ಎಚ್‌ಪಿ, ಆದ್ರೆ ತೂಕ 1,600 ಕೆಜಿ ಹತ್ತಿರ, ಎರಡೇ ಸೀಟು.

ಸೀಟು ಅಂದ ಮೇಲೆ ಮಗಳ ವಿಷಯ. ಕೇಮನ್‌ಗೆ ಹಿಂದಿನ ಸೀಟೇ ಇಲ್ಲ. 86ರ ಹಿಂದಿನ ಸೀಟು ದೊಡ್ಡೋರಿಗೆ ಶಿಕ್ಷೆ, ಆದ್ರೆ ಪ್ಯಾಸೆಂಜರ್ ಸೀಟ್ ಮುಂದಕ್ಕೆ ಎಳೆದು ಮಗುವಿನ ಸೀಟ್ ಕೂರಿಸಬಹುದು. ಡೀಲರ್ ಹತ್ರ ಹೋಗುವಾಗ ನಿಮ್ಮ ಚೈಲ್ಡ್ ಸೀಟೂ ತಗೊಂಡು ಹೋಗಿ, ಹಾಕಿ ನೋಡಿ, ಮನೆಯವರೂ ಮುಂದೆ ಕೂತು ನೋಡ್ಲಿ. ಹಿಂದಿನ ಸೀಟು ಮಡಚಿದ್ರೆ ಟ್ರ್ಯಾಕ್‌ಗೆ ಬೇಕಾದ ನಾಲ್ಕು ಚಕ್ರವೂ ಒಳಗೇ ಹಿಡಿಸುತ್ತೆ.

ಊರಿಗೆ ವಾಪಸ್ ಹೋಗುವಾಗ ಜೊತೆಗೇ ಒಯ್ಯಬಹುದಾ ಅಂತ ಒಬ್ಬರು ಕೇಳಿದ್ದಾರೆ. ಆಗಲ್ಲ. ಭಾರತಕ್ಕೆ ತರೋ ಹಳೇ ಕಾರು ಮೂರು ವರ್ಷದೊಳಗಿನದಾಗಿರಬೇಕು, ಸ್ಟಿಯರಿಂಗ್ ಬಲಗಡೆ ಇರಬೇಕು. ಸ್ಟಿಯರಿಂಗ್ ಎಡಗಡೆ ಇರೋ ಅಮೆರಿಕದ ಕಾರಿನ ಮಾತು ಅಲ್ಲಿಗೇ ಮುಗೀತು. ಬೆಂಗಳೂರಲ್ಲಿ 86 ಮಾರೋದೂ ಇಲ್ಲ, ಎಂ2 ಕೋಟಿ ರೂಪಾಯಿ ಲೆಕ್ಕದ್ದು. ಓಡಿಸೋದಿದ್ರೆ ಇಲ್ಲೇ ಓಡಿಸಿ.

ಹಾಗಾಗಿ ನಿಮಗೆ ನಾನು ಹೇಳೋದು ಹೊಸ 86 ಪ್ರೀಮಿಯಂ, ಸಾಧ್ಯವಾದ್ರೆ ಬ್ರೆಂಬೋ ಬ್ರೇಕು, ಸಾಕ್ಸ್ ಕಂಪನಿಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇರೋ ಪರ್ಫಾರ್ಮೆನ್ಸ್ ಪ್ಯಾಕೇಜ್ ಜೊತೆ. ಅವಳಿ ಕಾರಾದ ಸುಬಾರು ಬಿಆರ್‌ಜೆಡ್ ಕೂಡ ಓಡಿಸಿ ನೋಡಿ, ಅದು ಸ್ವಲ್ಪ ಸಮಾಧಾನಿ, 86ರ ಹಿಂದುಗಡೆ ತುಂಟ. ಡೀಲರ್ ಸ್ಟಿಕ್ಕರ್ ಬೆಲೆಯ ಮೇಲೆ "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಅಂತ ಇನ್ನಷ್ಟು ದುಡ್ಡು ಸೇರಿಸಿದ್ರೆ ಎದ್ದು ಬನ್ನಿ, ಸ್ಯಾಕ್ರಮೆಂಟೋವರೆಗಿನ ಬೇರೆ ಡೀಲರ್‌ಗಳಿಗೆಲ್ಲ ಫೋನ್ ಹಚ್ಚಿ.

ಇಷ್ಟಾದ ಮೇಲೂ ಕೇಮನ್ ಕನಸಿಗೆ ಬರ್ತಾ ಇದ್ರೆ, 2009ಕ್ಕಿಂತ ಹಳೇದು ಬೇಡ. ಆ ಎಂಜಿನ್‌ಗಳಲ್ಲಿ ಐಎಂಎಸ್ (ಎಂಜಿನ್ ಒಳಗಿನ ಮಧ್ಯದ ಶಾಫ್ಟ್) ಬೇರಿಂಗ್ ಕೆಡೋ ಚಿಂತೆ ಇದೆ, 2009ರ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. 981 ಸಿಕ್ಕಿದ್ರೆ ಮಾರೋರ ಮೆಕ್ಯಾನಿಕ್ ಬಿಟ್ಟು ಬೇರೆ ಪೋರ್ಷೆ ಮೆಕ್ಯಾನಿಕ್ ಹತ್ರ ಪರೀಕ್ಷೆ ಮಾಡಿಸಿ, ಸಿಲಿಂಡರ್ ಒಳಗೆ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ಗೀರು ಇದೆಯಾ ನೋಡೋಕೆ ಹೇಳಿ. ಡಿಎಂಇ (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ರಿಪೋರ್ಟ್ ಕೇಳೋದು ಮರೀಬೇಡಿ. ಎಂಜಿನ್ ಮಿತಿ ಮೀರಿ ತಿರುಗಿದ್ದನ್ನ ಅದು ಆರು ರೇಂಜ್‌ಗಳಲ್ಲಿ ಬರೆದಿಟ್ಟಿರುತ್ತೆ. ಒಂದು, ಎರಡರಲ್ಲಿ ಎಣಿಕೆ ಇದ್ರೆ ಪರವಾಗಿಲ್ಲ, ನಾಲ್ಕರಿಂದ ಮೇಲೆ ಈಚಿನ ಗಂಟೆಗಳಲ್ಲಿ ಏನಾದ್ರೂ ಇದ್ರೆ ಯಾರೋ ತಪ್ಪು ಗೇರಿಗೆ ಇಳಿಸಿದ್ದಾರೆ ಅಂತ ಅರ್ಥ, ಆ ಕಾರು ಬಿಟ್ಟುಬಿಡಿ. ರಿಪೋರ್ಟ್ ಕೈಗೆ ಬಂದ್ರೆ ಫೋಟೋ ಇಲ್ಲೇ ಹಾಕಿ, ತಮ್ಮನಿಗೂ ತೋರಿಸ್ತೀನಿ.