ಶಕ್ತಿ ಮಾತ್ರೆ ಅಂತ ಹೇಳಿ ಕೊಟ್ಟ ಕಿಮೋ

ವಾರ್ಡಿನಿಂದ ನನಗೆ ಬಂದ ಚೀಟಿಯಲ್ಲಿ ಎರಡೇ ಸಾಲು ಇತ್ತು. "71 ವರ್ಷ, ಕೆಪೆಸಿಟಬೀನ್ ಎರಡನೇ ಸೈಕಲ್, ತೀವ್ರ ಭೇದಿ. ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ, ಆಪ್ತಸಲಹೆ ಬೇಕು." ಕೆಪೆಸಿಟಬೀನ್ ಅಂದರೆ ಮನೆಯಲ್ಲೇ ನುಂಗುವ ಕಿಮೋ ಮಾತ್ರೆ. ಹೀಗೆ ಬರೆದಿದ್ದರೆ ಸಾಮಾನ್ಯವಾಗಿ ರೋಗಿ ಮಾತ್ರೆ ಬಿಟ್ಟಿದ್ದಾರೆ ಅಂತ ಅರ್ಥ. ಇವರು ಒಂದನ್ನೂ ಬಿಟ್ಟಿರಲಿಲ್ಲ. ಬರೆದುಕೊಟ್ಟಿದ್ದಕ್ಕಿಂತ ಜಾಸ್ತಿಯೇ ನುಂಗಿದ್ದರು.

ಅವರನ್ನು ಇಲ್ಲಿ ಯಜಮಾನರು ಅಂತ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ತಿಪಟೂರು ಕಡೆಯವರು, ತೆಂಗಿನ ತೋಟ ಇದೆ. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು, ಆಪರೇಷನ್ ಮಾಡಿ ತೆಗೆದಿದ್ದರು. ಪರೀಕ್ಷೆಯಲ್ಲಿ ಹತ್ತಿರದ ಲಿಂಫ್ ಗ್ರಂಥಿಗಳಿಗೂ ಕ್ಯಾನ್ಸರ್ ಹರಡಿದ್ದು ಗೊತ್ತಾಯಿತು. ವಯಸ್ಸು ನೋಡಿ ವೈದ್ಯರು ಡ್ರಿಪ್‌ನಲ್ಲಿ ಕೊಡುವ ಕಿಮೋ ಬೇಡ ಅಂದರು. ಮಾತ್ರೆ ಮಾತ್ರ ಕೊಟ್ಟರು. ಕೆಪೆಸಿಟಬೀನ್ 500 ಮಿಲಿಗ್ರಾಂ, ಬೆಳಗ್ಗೆ ಮೂರು, ರಾತ್ರಿ ಮೂರು. 14 ದಿನ ತೆಗೆದುಕೊಂಡು 7 ದಿನ ಬಿಡುವು. ಇದು ಒಂದು ಸೈಕಲ್, ಒಟ್ಟು ಎಂಟು.

ಯಜಮಾನರಿಗೆ ಇದು ಕ್ಯಾನ್ಸರ್ ಅಂತ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಗೊತ್ತಿದ್ದದ್ದು ಮಗ, ಸೊಸೆ ಇಬ್ಬರಿಗೇ. "ಕರುಳಲ್ಲಿ ಗಂಟಿತ್ತು, ತೆಗೆದಿದ್ದಾರೆ. ಗಾಯ ಮಾಗೋಕೆ ಶಕ್ತಿ ಮಾತ್ರೆ ಕೊಟ್ಟಿದ್ದಾರೆ" ಅಂತ ಮಗ ಅಪ್ಪನಿಗೂ ಅಮ್ಮನಿಗೂ ಹೇಳಿದ್ದ. ಡ್ರಿಪ್ ಹಾಕಿಸಿಕೊಳ್ಳುವ ವಾರ್ಡಿಗೆ ಹೋಗಿದ್ದರೆ ಈ ಸುಳ್ಳು ಒಂದು ದಿನವೂ ನಿಲ್ಲುತ್ತಿರಲಿಲ್ಲ. ಅಕ್ಕಪಕ್ಕದ ಹಾಸಿಗೆಯವರೇ ಹೇಳಿಬಿಡುತ್ತಿದ್ದರು. ಮಾತ್ರೆಯಾದರೆ ಮನೆಗೇ ಬರುತ್ತೆ, ಈ ಮಾತ್ರೆಗೆ ಕೂದಲೂ ಅಷ್ಟಾಗಿ ಉದುರಲ್ಲ. ಮುಚ್ಚಿಡೋದು ಸುಲಭ.

ಮೊದಲ ಸೈಕಲ್ ಸುಸೂತ್ರವಾಗಿ ಮುಗಿಯಿತು. ಎರಡನೇ ಸೈಕಲ್‌ನ ಒಂಬತ್ತನೇ ದಿನ ಭೇದಿ ಶುರುವಾಯಿತು. ಹೆಂಡತಿ ಮೆಂತ್ಯ ಹಾಕಿದ ಮಜ್ಜಿಗೆ ಕೊಟ್ಟರು, ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸಿದರು. ನಿಲ್ಲಲಿಲ್ಲ. ಊರಿನ ಮೆಡಿಕಲ್ ಶಾಪಿಗೆ ಹೋದರು. "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಅಂತ ಅಂಗಡಿಯವರು ಕೇಳಿದ್ದಾರೆ. ಸರಿಯಾದ ಪ್ರಶ್ನೆಯೇ. ಉತ್ತರ: "ಬಿಪಿದು ಒಂದು, ಶಕ್ತಿದು ಒಂದಷ್ಟು." ಅವರು ಭೇದಿಗೆ ಆಂಟಿಬಯೋಟಿಕ್, ಸುಸ್ತಿಗೆ ವಿಟಮಿನ್ ಕ್ಯಾಪ್ಸೂಲ್ ಕೊಟ್ಟು ಕಳಿಸಿದರು. ಆ ಕ್ಯಾಪ್ಸೂಲಿನಲ್ಲಿ ಫೋಲಿಕ್ ಆಸಿಡ್ ಇತ್ತು. ಫೋಲಿಕ್ ಆಸಿಡ್ ಕೆಪೆಸಿಟಬೀನ್‌ನ ಅಡ್ಡಪರಿಣಾಮವನ್ನು ಹೆಚ್ಚಿಸಬಲ್ಲದು. ಇದೇ ಮಾತ್ರೆ ಅಂತ ಗೊತ್ತಿದ್ದರೆ ಅವರು ಅದನ್ನು ಖಂಡಿತ ಕೊಡುತ್ತಿರಲಿಲ್ಲ.

ಭೇದಿಯಿಂದ ನಿಶ್ಶಕ್ತಿ ಜಾಸ್ತಿಯಾಯಿತು. ನಿಶ್ಶಕ್ತಿಗೆ ಮನೆಯಲ್ಲಿ ಇದ್ದದ್ದು ಏನು? ಶಕ್ತಿ ಮಾತ್ರೆ! ಯಜಮಾನರು ಬೀರುವಿನಿಂದ ತಾವೇ ತೆಗೆದು ರಾತ್ರಿ ಮೂರರ ಜೊತೆ ಒಂದು, ಎರಡು ಸೇರಿಸಿ ನುಂಗತೊಡಗಿದರು. ಅವರ ಲೆಕ್ಕದಲ್ಲಿ ಅದು ಸರಿಯೇ, ಅಲ್ವಾ? ಆಸ್ಪತ್ರೆಗೆ ಕರೆತಂದಾಗ ದಿನಕ್ಕೆ ಏಳೆಂಟು ಸಲ ಭೇದಿ, ರಾತ್ರಿಯೂ ಎದ್ದು ಹೋಗುತ್ತಿದ್ದರು. ಬಾಯಿ ತುಂಬ ಹುಣ್ಣು. ಮೈಯಲ್ಲಿ ನೀರು ಕಡಿಮೆಯಾಗಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಅಂಶ) ಏರಿತ್ತು. ಕಿಡ್ನಿ ಸೋತರೆ ಈ ಔಷಧಿ ಮೈಯಲ್ಲಿ ಇನ್ನಷ್ಟು ಉಳಿದು ಇನ್ನಷ್ಟು ಭೇದಿ ಮಾಡಿಸುತ್ತೆ. ಕೆಲವರಿಗೆ ಹುಟ್ಟಿನಿಂದಲೇ ಈ ಔಷಧಿಯನ್ನು ಕರಗಿಸುವ ಕಿಣ್ವ ಕಡಿಮೆ ಇರುತ್ತದೆ. ಅವರಿಗೆ ಬರೆದುಕೊಟ್ಟ ಪ್ರಮಾಣವೇ ವಿಷವಾಗಬಹುದು. ಯುರೋಪಿನಲ್ಲಿ 2020ರಿಂದ ಔಷಧಿ ಶುರು ಮಾಡುವ ಮುಂಚೆಯೇ ಈ ಕಿಣ್ವದ ಪರೀಕ್ಷೆ ಮಾಡಿಸಿ ಅಂತ ಸೂಚನೆ ಇದೆ. ಇವರಿಗೆ ಮೊದಲ ಸೈಕಲ್ ತೊಂದರೆ ಕೊಟ್ಟಿರಲಿಲ್ಲ. ಹಾಗಾಗಿ ವೈದ್ಯರು ಮಾತ್ರೆ ಎಣಿಸಿದರು. ಲೆಕ್ಕ ತಪ್ಪಿತ್ತು.

ನನ್ನ ಬಳಿ ಮೊದಲು ಬಂದದ್ದು ಮಗ. "ಮೇಡಂ, ನೀವೂ ಶಕ್ತಿ ಮಾತ್ರೆ ಅಂತಲೇ ಹೇಳಿ, ಆದರೆ ಜಾಸ್ತಿ ತಗೋಬಾರದು ಅಂತ ಗದರಿಸಿ" ಅಂದ. ಅವನ ಭಯಕ್ಕೆ ಕಾರಣ ಇತ್ತು. ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್ ಅಂತ ತಿಳಿದ ದಿನದಿಂದ ಅವರು ಊಟ ಬಿಟ್ಟು ಮಲಗಿದವರು ಏಳಲಿಲ್ಲವಂತೆ. ಅಪ್ಪನೂ ಹಾಗೇ ಮಾಡಿದರೆ? ಇದನ್ನು ಹೇಳುವಾಗ ಅವನ ಗಂಟಲು ಕಟ್ಟಿತು. ಇಂಥ ಮಕ್ಕಳನ್ನು "ಅಪ್ಪನಿಗೆ ಮೋಸ ಮಾಡಿದಿರಿ" ಅಂತ ಬೈಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಪ್ರೀತಿಗೇ ಸುಳ್ಳು ಹೇಳಿರುತ್ತಾರೆ. ಆದರೆ ಒಂದು ಮಾತನ್ನು ನೇರವಾಗಿ ಹೇಳಿದೆ. "ನಾನಾಗಿ ಹೋಗಿ ಅವರಿಗೆ ಹೇಳಲ್ಲ. ಅವರು ಕೇಳಿದರೆ ಸುಳ್ಳು ಹೇಳೋದೂ ಇಲ್ಲ. ಈ ಮಾತ್ರೆ ನರ್ಸ್ ಕೈಯಲ್ಲಿಲ್ಲ, ಅಪ್ಪನ ಕೈಯಲ್ಲಿದೆ. ಯಾವಾಗ ನಿಲ್ಲಿಸಬೇಕು ಅಂತ ನಿರ್ಧರಿಸಬೇಕಾದವರು ಅವರು. ತಾನು ನುಂಗುತ್ತಿರೋದು ಏನು ಅಂತ ಗೊತ್ತಿಲ್ಲದಿದ್ದರೆ ಹೇಗೆ ನಿರ್ಧರಿಸುತ್ತಾರೆ?"

ಅವನು ತಕ್ಷಣ ಒಪ್ಪಲಿಲ್ಲ. ಕೊನೆಗೆ ನಾವು ಒಂದು ನಡುದಾರಿಗೆ ಬಂದೆವು: ಎಷ್ಟು ತಿಳಿಯಬೇಕು ಅಂತ ಯಜಮಾನರನ್ನೇ ಕೇಳೋಣ. ಕೆಲವು ಹಿರಿಯರು "ನಂಗೇನೂ ಬೇಡ, ಮಗನಿಗೆ ಹೇಳಿ" ಅನ್ನುತ್ತಾರೆ. ಅದು ಅವರ ಹಕ್ಕು, ನಾವು ಒತ್ತಾಯ ಮಾಡಲ್ಲ. ಹಾಗಿದ್ದರೂ ಇದು ಕಿಮೋ ಮಾತ್ರೆ, ಇಷ್ಟೇ ತಗೋಬೇಕು, ಇಂಥದ್ದಾದರೆ ನಿಲ್ಲಿಸಬೇಕು ಅನ್ನುವ ಮಟ್ಟಿಗಾದರೂ ಹೇಳಲೇಬೇಕು. ಅಷ್ಟನ್ನೂ ಕೇಳಲು ಒಪ್ಪದವರಿಗೆ ಮನೆಯಲ್ಲಿ ನುಂಗುವ ಕಿಮೋ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಭೇದಿ ನಿಂತು ಯಜಮಾನರು ಎದ್ದು ಕೂರುವಂತಾದ ಮೇಲೆ ಕ್ಯಾನ್ಸರ್ ವೈದ್ಯರು, ಮಗ, ನಾನು ಮೂವರೂ ಅವರ ಬಳಿ ಕೂತೆವು. "ಯಜಮಾನ್ರೇ, ನಿಮ್ಮ ಕಾಯಿಲೆ ವಿಷಯ ಡಾಕ್ಟ್ರು ನಿಮಗೇ ಹೇಳ್ಬೇಕಾ, ಮಗನಿಗೆ ಹೇಳಿದ್ರೆ ಸಾಕಾ?" ಅಂತ ಕೇಳಿದೆ.

"ನುಂಗೋನು ನಾನಲ್ವೇನಮ್ಮ? ನಂಗೇ ಹೇಳಿ" ಅಂದರು. ಆಮೇಲೆ ಅವರೇ ಮೊದಲು ಕೇಳಿದ ಪ್ರಶ್ನೆ ನಾವ್ಯಾರೂ ಎಣಿಸದೆ ಇದ್ದದ್ದು. "ಇದು ಮಗೂಗೆ ಅಂಟುತ್ತಾ?"

ವಿಷಯ ಹೀಗೆ. ಎರಡನೇ ಸೈಕಲ್ ಮಾತ್ರೆ ಕೊಡುವಾಗ ಆಸ್ಪತ್ರೆಯ ಫಾರ್ಮಸಿಯವರು ಮಗನಿಗೆ ಎಚ್ಚರಿಕೆ ಹೇಳಿದ್ದರು. ಬೇರೆಯವರು ಬರಿಗೈಯಲ್ಲಿ ಈ ಮಾತ್ರೆ ಮುಟ್ಟಬಾರದು, ಗರ್ಭಿಣಿ ಸೊಸೆಯಂತೂ ಮುಟ್ಟಲೇಬಾರದು. ಮಗ ಗ್ಲೌಸ್ ತಂದು ಅಮ್ಮನ ಕೈಗೆ ಕೊಟ್ಟ. ಯಾಕೆ ಅಂತ ಹೇಳಲಿಲ್ಲ. ಐವತ್ತು ವರ್ಷ ಜೊತೆಗಿದ್ದ ಹೆಂಡತಿ ಒಂದು ದಿನ ಇದ್ದಕ್ಕಿದ್ದಂತೆ ಗ್ಲೌಸ್ ಹಾಕಿಕೊಂಡು ಮಾತ್ರೆ ಕೊಟ್ಟರೆ ಗಂಡ ಏನಂದುಕೊಳ್ಳಬೇಕು? ತನಗೆ ಟಿಬಿ ಅಂತ ತೀರ್ಮಾನಿಸಿದ್ದರು. ತಟ್ಟೆ, ಲೋಟ ಬೇರೆ ಮಾಡಿಕೊಂಡಿದ್ದರು. ನಾಲ್ಕು ವರ್ಷದ ಮೊಮ್ಮಗ ತೊಡೆ ಹತ್ತಲು ಬಂದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಭೇದಿಯ ವಿಷಯ ಮಗನಿಗೆ ಹೇಳದೆ ಇದ್ದದ್ದೂ ಇದಕ್ಕೇ. "ಇನ್ನೂ ದೂರ ಇಡ್ತಾರೆ ಅಂತ" ಅಂದರು. ಮಗ ತಲೆ ತಗ್ಗಿಸಿ ಕೂತಿದ್ದ.

ವೈದ್ಯರು ನಿಧಾನವಾಗಿ, ಕ್ಯಾನ್ಸರ್ ಅನ್ನುವ ಮಾತನ್ನೂ ಸೇರಿಸಿ, ಎಲ್ಲ ಹೇಳಿದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಪರೇಷನ್‌ನಲ್ಲಿ ತೆಗೆದ್ರಲ್ಲ, ಮತ್ತೆ ಮಾತ್ರೆ ಯಾಕೆ?" ಅಂದರು. ಕಣ್ಣಿಗೆ ಕಾಣುವುದನ್ನು ತೆಗೆದಾಗಿದೆ, ಕಾಣದ ಕಣ ಎಲ್ಲಾದರೂ ಉಳಿದಿದ್ದರೆ ಅದಕ್ಕೆ ಈ ಮಾತ್ರೆ, ಮತ್ತೆ ಬರುವ ಸಂಭವ ಕಡಿಮೆಯಾಗುತ್ತೆ, ಪೂರ್ತಿ ಇಲ್ಲವಾಗುತ್ತೆ ಅಂತ ಮಾತು ಕೊಡಲು ಆಗಲ್ಲ ಅಂತ ವೈದ್ಯರು ಅಂದರು. ಅಂಟುವ ಕಾಯಿಲೆ ಅಲ್ಲ ಅಂತ ನಾನು ಎರಡು ಸಲ ಹೇಳಿದೆ. ಗ್ಲೌಸ್ ಕಾಯಿಲೆಗಲ್ಲ, ಮಾತ್ರೆಗೆ. "ಗಿಡಕ್ಕೆ ಔಷಧಿ ಹೊಡೆಯೋವಾಗ ನಾವು ಮೂಗು ಮುಚ್ಕೊಳ್ಳಲ್ವಾ, ಹಂಗೆ" ಅಂತ ಅವರೇ ಹೆಂಡತಿಗೆ ವಿವರಿಸಿದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಕೊಟ್ಟ ಸಲಹೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೆಪೆಸಿಟಬೀನ್ ತೆಗೆದುಕೊಳ್ಳುವ ಬೇರೆಯವರಿಗೂ ಉಪಯೋಗ ಆಗಬಹುದು. ಪ್ರಮಾಣ ಮಾತ್ರ ಅವರವರ ವೈದ್ಯರು ಹೇಳಿದ್ದೇ.

ಮಾತ್ರೆಯನ್ನು ಯಜಮಾನರೇ ಸ್ಟ್ರಿಪ್‌ನಿಂದ ಒತ್ತಿ ತೆಗೆದು ನುಂಗಲಿ. ಅವರಿಗೆ ಗ್ಲೌಸ್ ಬೇಕಿಲ್ಲ, ಆಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು. ಹೆಂಡತಿ ಕೊಡಲೇಬೇಕಾಗಿ ಬಂದರೆ ಮಾತ್ರ ಗ್ಲೌಸ್. ಊಟ ಮುಗಿದು ಅರ್ಧ ಗಂಟೆಯೊಳಗೆ, ನೀರಿನ ಜೊತೆ. ಖಾಲಿ ಹೊಟ್ಟೆಯಲ್ಲಿ ಬೇಡ. ಎರಡು ಹೊತ್ತಿನ ನಡುವೆ ಸುಮಾರು 12 ಗಂಟೆ. ಅವರ ಮನೆಯಲ್ಲಿ ಬೆಳಗ್ಗೆ ಎಂಟಕ್ಕೆ ತಿಂಡಿ, ರಾತ್ರಿ ಎಂಟಕ್ಕೆ ಮುದ್ದೆ ಊಟ, ಅದು ತಾನಾಗೇ ಹೊಂದಿಕೊಂಡಿತು. ನುಂಗಲು ಕಷ್ಟ ಅಂತ ಮುರಿಯುವುದು, ಪುಡಿ ಮಾಡುವುದು ಬೇಡವೇ ಬೇಡ. ಒಂದು ಹೊತ್ತು ಮರೆತರೆ ಅದನ್ನು ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಎರಡೂ ಸೇರಿಸಬೇಡಿ. ನುಂಗಿದ ಮೇಲೆ ವಾಂತಿಯಾದರೂ ಮತ್ತೆ ನುಂಗಬೇಡಿ.

ಗೋಡೆಯ ಕ್ಯಾಲೆಂಡರಿನಲ್ಲಿ 14 ದಿನಕ್ಕೆ ಕೆಂಪು ಗುರುತು ಹಾಕಿಸಿದೆವು. ಬಿಡುವಿನ ಏಳು ದಿನ ಖಾಲಿ. ಬಿಡುವಿನ ದಿನ "ಮಾತ್ರೆ ತಪ್ಪಿತು" ಅಂತ ಗಾಬರಿಯಾಗಿ ಮುಂದುವರಿಸಿದವರನ್ನು ನೋಡಿದ್ದೇನೆ, ಆ ಬಿಡುವೂ ಚಿಕಿತ್ಸೆಯ ಭಾಗವೇ. ಮನೆಯಲ್ಲಿ ಒಂದು ಸೈಕಲ್‌ಗೆ ಆಗುವಷ್ಟೇ ಮಾತ್ರೆ ಇರಲಿ. ಬಿಪಿ ಮಾತ್ರೆಯ ಡಬ್ಬಿಗೆ ಸೇರಿಸಬೇಡಿ, ಮಗುವಿನ ಕೈಗೆ ಸಿಗದ ಕಡೆ ಇಡಿ. ಉಳಿದರೆ ಕಸಕ್ಕೆ ಎಸೆಯದೆ ಆಸ್ಪತ್ರೆಗೆ ವಾಪಸ್ ತನ್ನಿ.

ನಾನು ಹೆಚ್ಚು ಹೊತ್ತು ಮಾತಾಡಿದ್ದು ನಿಲ್ಲಿಸುವುದರ ಬಗ್ಗೆ. "ಕೋರ್ಸ್ ಅರ್ಧಕ್ಕೆ ಬಿಡಬಾರದು" ಅನ್ನುವುದು ನಮ್ಮ ಜನರ ತಲೆಯಲ್ಲಿ ಚೆನ್ನಾಗಿ ಕೂತಿದೆ. ಆಂಟಿಬಯೋಟಿಕ್‌ಗೆ ಅದು ಒಳ್ಳೆಯ ಮಾತು. ಇಲ್ಲಿ ಅದೇ ಮಾತು ಪ್ರಾಣಕ್ಕೆ ಕುತ್ತು ತರಬಹುದು. ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಭೇದಿಯಾದರೆ, ಅಥವಾ ರಾತ್ರಿ ನಿದ್ದೆಯಿಂದ ಎದ್ದು ಹೋಗುವಂತಾದರೆ, ಆ ಹೊತ್ತಿನ ಮಾತ್ರೆ ನುಂಗದೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ವಾಂತಿ, ತಿನ್ನಲಾಗದಷ್ಟು ಬಾಯಿ ಹುಣ್ಣು, ಅಂಗೈ ಅಂಗಾಲು ಕೆಂಪಾಗಿ ನೋವು, ಇದಕ್ಕೂ ಅಷ್ಟೇ. 100.4 ಡಿಗ್ರಿ ಜ್ವರ ಬಂದರೆ ಫೋನ್ ಮಾಡಿ ಹೊರಟೇ ಬಿಡಿ, ರಾತ್ರಿ ಅಂತ ನೋಡಬೇಡಿ. ಎದೆ ನೋವು ಬಂದರೆ ಮಾತ್ರೆ ನಿಲ್ಲಿಸಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಕಿಮೋ ಮಾತ್ರೆ ತಗೋತಿದ್ದೀನಿ ಅಂತ ಅಲ್ಲಿ ಹೇಳಿ. ವೈದ್ಯರು ಭೇದಿಗೆ ಲೋಪೆರಮೈಡ್ ಮುಂಚೆಯೇ ಕೊಟ್ಟಿರುತ್ತಾರೆ. ಅದನ್ನೂ ಓಆರ್‌ಎಸ್ ಅನ್ನೂ ಶುರು ಮಾಡಿ. ಅದು ನುಂಗಿದೆವಲ್ಲ ಅಂತ ಕಿಮೋ ಮುಂದುವರಿಸಬೇಡಿ. ನಿಲ್ಲಿಸಿದ ದಿನಗಳ ಮಾತ್ರೆಯನ್ನು ಆಮೇಲೆ ತುಂಬಿಸಿಕೊಳ್ಳುವುದೂ ಬೇಡ.

ಮೂತ್ರ, ಮಲದಲ್ಲಿ ಸ್ವಲ್ಪ ಔಷಧಿ ಹೊರಗೆ ಹೋಗುತ್ತದೆ. ಮಾತ್ರೆಯ ದಿನಗಳಲ್ಲೂ ಆಮೇಲಿನ ಎರಡು ದಿನವೂ ಅವರು ಬಂದ ಮೇಲೆ ಕಕ್ಕಸಿಗೆ ಎರಡು ಸಲ ಧಾರಾಳವಾಗಿ ನೀರು ಹಾಕಲಿ. ಗಲೀಜಾದ ಬಟ್ಟೆಯನ್ನು ಗ್ಲೌಸ್ ಹಾಕಿ ಬೇರೆಯಾಗಿ ಒಗೆಯಲಿ, ಸೊಸೆ ಒಗೆಯುವುದು ಬೇಡ. ತಟ್ಟೆ ಲೋಟ ಎಲ್ಲರ ಜೊತೆಗೇ ಇರಲಿ. ಮೊಮ್ಮಗ ತೊಡೆ ಮೇಲೆ ಕೂರಲಿ.

ಯಾವ ಹೊಸ ಮಾತ್ರೆ, ಟಾನಿಕ್, ನಾಟಿ ಔಷಧಿ ಶುರು ಮಾಡುವುದಕ್ಕೂ ಮುಂಚೆ ಕೇಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್ ಇದ್ದವರು ಮೊದಲ ದಿನವೇ ಹೇಳಬೇಕು. ಇವರಿಗೆ ಬಿಪಿ ಮಾತ್ರೆ ಬಿಟ್ಟರೆ ಏನೂ ಇರಲಿಲ್ಲ. ಜೇಬಿನಲ್ಲಿಟ್ಟುಕೊಳ್ಳಲು ಒಂದು ಕಾರ್ಡ್ ಬರೆದುಕೊಟ್ಟೆ: "ನಾನು ಕೆಪೆಸಿಟಬೀನ್ ಎಂಬ ಕಿಮೋ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ." ಕೆಳಗೆ ಆಸ್ಪತ್ರೆಯ ನಂಬರ್. ಮೆಡಿಕಲ್ ಶಾಪಿನವರಿಗೂ ಅದನ್ನೇ ತೋರಿಸಲಿ ಅಂತ.

ಮೂರನೇ ಸೈಕಲ್ ತಡವಾಗಿ ಶುರುವಾಯಿತು. ವೈದ್ಯರು ಪ್ರಮಾಣವನ್ನು ಮುಕ್ಕಾಲಿಗೆ ಇಳಿಸಿದರು. ಈಗ ಒಂದು ಹೊತ್ತಿಗೆ 500ರದ್ದು ಎರಡು, 150ರದ್ದು ಒಂದು. ಎರಡು ಬಗೆಯ ಸ್ಟ್ರಿಪ್, ಅದಲುಬದಲಾದರೆ ಮತ್ತೆ ತೊಂದರೆ. "ದೊಡ್ಡದು ಎರಡು, ಚಿಕ್ಕದು ಒಂದು" ಅಂತ ಯಜಮಾನರು ಬಾಯಿಪಾಠ ಮಾಡಿಕೊಂಡರು, ನನಗೂ ಒಪ್ಪಿಸಿದರು. ನುಂಗಿದ ಮೇಲೆ ಖಾಲಿ ಸ್ಟ್ರಿಪ್‌ನ ಫೋಟೋ ಹೆಂಡತಿಯ ಫೋನಿನಿಂದ ಮಗನಿಗೆ ವಾಟ್ಸಾಪ್‌ನಲ್ಲಿ ಹೋಗುತ್ತದೆ.

ನಾಲ್ಕನೇ ಸೈಕಲ್‌ನಲ್ಲಿ ಅಂಗೈ ಕೆಂಪಾಗಿ ಜುಮುಜುಮು ಅಂದಾಗ ಅವರೇ ಫೋನ್ ಮಾಡಿದರು. ನೋವಿರಲಿಲ್ಲ. ವೈದ್ಯರು ಮಾತ್ರೆ ಮುಂದುವರಿಸಲು ಹೇಳಿ ಯೂರಿಯಾ ಇರುವ ಕ್ರೀಮ್ ಬರೆದುಕೊಟ್ಟರು, ಬಿಸಿ ನೀರು, ಕೈಗೆ ಉಜ್ಜುವ ಕೆಲಸ ಬೇಡ ಅಂದರು. ಅಂದರೆ ಕಾಯಿ ಸುಲಿಯುವಂತಿಲ್ಲ. ಕ್ಯಾನ್ಸರ್ ಅಂದಾಗ ಆಗದಷ್ಟು ಬೇಜಾರು ಇದಕ್ಕಾಯಿತು. ಕೂಲಿ ಕೊಟ್ಟು ಸುಲಿಸಬೇಕಲ್ಲ ಅಂತ ನನ್ನ ಹತ್ತಿರವೂ ಗೊಣಗಿದರು.

ಮಗ ಇವತ್ತಿಗೂ ಕ್ಯಾನ್ಸರ್ ಅನ್ನಲ್ಲ, "ಆ ಕಾಯಿಲೆ" ಅನ್ನುತ್ತಾನೆ. ರಾತ್ರಿ ನಿದ್ದೆ ಬರುತ್ತಿಲ್ಲ, ಅಪ್ಪ ಕೆಮ್ಮಿದರೂ ಎದ್ದು ನೋಡುತ್ತೇನೆ ಅಂದ. ಒಬ್ಬನೇ ಬಂದು ಕೂತು ಮಾತಾಡು ಅಂತ ಹೇಳಿದ್ದೇನೆ. ನಡುವೆ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು ಅಂತ ನಂಬರ್ ಕೊಟ್ಟಿದ್ದೇನೆ. ಬರುತ್ತೇನೆ ಅಂದಿದ್ದಾನೆ, ದಿನ ಇನ್ನೂ ಗೊತ್ತು ಮಾಡಿಲ್ಲ.