ನ್ಯೂಜೆರ್ಸಿಯಲ್ಲಿ ಮಗಳು, ಮಂಡ್ಯದಲ್ಲಿ ಎಣಿಕೆ

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. 2019ರಲ್ಲಿ ನಮ್ಮ ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅವರು 1.25 ಲಕ್ಷಕ್ಕೂ ಜಾಸ್ತಿ ಅಂತರದಿಂದ ಗೆದ್ದರಲ್ಲ, ಆವತ್ತು ರಾತ್ರಿಯಿಡೀ ನಿದ್ದೆಗೆಟ್ಟು ಕೂತಿದ್ದಳು. ಬೆಳಗ್ಗೆ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. "ವೋಟೇ ಹಾಕದವಳು ನೀನ್ಯಾಕೆ ಅಳ್ತೀಯ?" ಅಂದುಬಿಟ್ಟೆ. ಆಮೇಲೆ ಚುನಾವಣೆಯ ಮಾತನ್ನೇ ನನ್ನ ಹತ್ತಿರ ಎತ್ತುತ್ತಿಲ್ಲ. ನಾನು ಕೇಳಿದ್ದು ತಪ್ಪಾ? ಅಲ್ಲಿಂದಲೇ ವೋಟು ಹಾಕಲು ಆಗುವುದಿಲ್ಲವಾ?
- ಒಬ್ಬ ತಾಯಿ, ಮಂಡ್ಯ

ಉತ್ತರ: ಮೊದಲು ಸುಲಭದ್ದು. ಆಗುವುದಿಲ್ಲ. 2010ರಲ್ಲಿ ಕಾನೂನು ತಿದ್ದಿದ ಮೇಲೆ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ನಮೂನೆ 6ಎ ತುಂಬಿ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು. ಆದರೆ ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೆ ಖುದ್ದಾಗಿ ಬರಬೇಕು. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದೂ ಇಲ್ಲ.

ಅವಳು ಅತ್ತದ್ದು ಸಂತೋಷಕ್ಕೋ ಸಂಕಟಕ್ಕೋ ನೀವು ಬರೆದಿಲ್ಲ. ನಾನೂ ಕೇಳುವುದಿಲ್ಲ. ಮಂಡ್ಯದ ರಾಜಕೀಯಕ್ಕೆ ಮೈಸೂರಿನವಳು ಬಾಯಿ ಹಾಕಬಾರದು.

2008ರಲ್ಲಿ ಗೋಕುಲಂನ ನಮ್ಮ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದ ಅಮೆರಿಕದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಕಪ್ಪು ಹುಡುಗಿ, ಅಲಬಾಮಾ ಕಡೆಯವಳು. ಅವಳ ದೇಶದ ಅಧ್ಯಕ್ಷರ ಚುನಾವಣೆಗೆ ಅಕ್ಟೋಬರ್‌ನಲ್ಲೇ ಅವಳ ಮತಪತ್ರ ಅಂಚೆಯಲ್ಲಿ ಬಂದಿತ್ತು. ತುಂಬಿ ವಾಪಸ್ ಕಳಿಸಲು ನಾನೇ ಅಂಚೆ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಲಕೋಟೆ ಒಳಗೆ ಹೋದ ಮೇಲೂ ಕೌಂಟರ್ ಬಿಟ್ಟು ಕದಲಲಿಲ್ಲ. "ಇಷ್ಟೇನಾ ಆಂಟಿ?" ಅಂದಳು. ನಮ್ಮಲ್ಲಾದರೆ ಬೆರಳಿಗೆ ಶಾಯಿ ಹಚ್ಚುತ್ತಾರೆ, ಅದನ್ನು 1962ರಿಂದ ಮಾಡುತ್ತಿರುವುದು ಇದೇ ಊರಿನ ಮೈಸೂರು ಪೇಂಟ್ಸ್ ಕಾರ್ಖಾನೆ ಅಂತ ಹೇಳಿದೆ. ಇಡೀ ದೇಶಕ್ಕೆ ಮಸಿ ಬಳಿಯುವವರು ನಾವೇ ಅಂತ ನಗಾಡಿದ್ದೆ. ಇಂಗ್ಲಿಷಿನಲ್ಲಿ ಅದರ ಮಜಾ ಬರಲಿಲ್ಲ ಬಿಡಿ.

ನವೆಂಬರ್ 5ರ ಬೆಳಗ್ಗೆ ಕ್ಲಾಸಿನಿಂದ ಬಂದವಳೇ ನಮ್ಮ ಹಾಲ್‌ನಲ್ಲಿ ಟಿವಿ ಮುಂದೆ ನೆಲಕ್ಕೆ ಕೂತಳು. ಉಪ್ಪಿಟ್ಟು ಕೊಟ್ಟರೆ ತಟ್ಟೆಯಲ್ಲೇ ಆರಿತು. ಒಂಬತ್ತೂವರೆಗೆ ಒಬಾಮಾ ಗೆದ್ದರು ಅಂತ ಬಂತು. ಅವಳು ಕಿರುಚಿದ್ದಕ್ಕೆ ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದೆ. ಅಳುತ್ತಿದ್ದಳು, ನಗುತ್ತಿದ್ದಳು. "ನಮ್ಮಜ್ಜಿ ಇರಬೇಕಿತ್ತು" ಅಂದಳು. ಕಪ್ಪು ಜನರ ಮತದಾನದ ಹಕ್ಕು ಕಾಯುವ 1965ರ ಅಮೆರಿಕದ ಕಾನೂನು ಬರುವ ತನಕ ಆ ಅಜ್ಜಿಗೆ ಓದು ಬರಹದ ಪರೀಕ್ಷೆ ಅದೂ ಇದೂ ಅಂತ ನೆಪ ಹೇಳಿ ಪಟ್ಟಿಗೆ ಸೇರಿಸಿಕೊಂಡಿರಲಿಲ್ಲವಂತೆ. ನಮ್ಮ ಪಾಂಡವಪುರದ ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ, 1952ರಲ್ಲೇ ವೋಟು ಹಾಕಿ ಬಂದಿದ್ದರು. ಆವತ್ತಿನವರೆಗೆ ನಾನು ಅದನ್ನು ಒಂದು ವಿಷಯ ಅಂತಲೇ ಅಂದುಕೊಂಡಿರಲಿಲ್ಲ.

ಆಮೇಲೆ ನನ್ನ ಕಾಡಿಗೆ ಡಬ್ಬಿ ಇಸಕೊಂಡು ಎಡಗೈ ತೋರುಬೆರಳಿಗೆ ತಾನೇ ಒಂದು ಗೆರೆ ಎಳೆದುಕೊಂಡಳು. ನಮ್ಮ ಫೋನಿನಿಂದ ಅಮ್ಮನಿಗೆ ಹಚ್ಚಿದಳು. ಅಲ್ಲಿ ರಾತ್ರಿ ಹತ್ತು ಗಂಟೆ. ಐದು ನಿಮಿಷ ಇಬ್ಬರೂ ಒಂದು ಮಾತೂ ಆಡಲಿಲ್ಲ, ಬರೀ ಮೂಗೆಳೆಯುವ ಸದ್ದು. ಐಎಸ್‌ಡಿ ಬಿಲ್ಲು ನೆನೆಸಿಕೊಂಡು ನಮ್ಮ ಯಜಮಾನರು ಗಡಿಯಾರ ನೋಡುತ್ತಿದ್ದರು.

ಅವಳ ವೋಟು ಹೋಗಿ ಸೇರಿತೋ ಇಲ್ಲವೋ, ಆ ಹೊತ್ತಿಗೆ ಅವಳಿಗೇ ನೆನಪಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ತಪ್ಪು ಅಂತಲ್ಲ, ಹೊತ್ತು ತಪ್ಪಿತು ಅಷ್ಟೇ. ಅವಳಿಗಾದರೂ ಇಲ್ಲಿ ಅಪ್ಪಿಕೊಳ್ಳಲು ಸೌಟು ಹಿಡಿದ ನಾನಿದ್ದೆ. ನಿಮ್ಮ ಮಗಳಿಗೆ ಆ ಹೊತ್ತಲ್ಲಿ ಎದ್ದಿದ್ದವರು ನೀವೊಬ್ಬರೇ, ಅಲ್ವಾ?

ಮುಂದಿನ ಎಣಿಕೆಯ ದಿನ ನೀವೇ ಮೊದಲು ಫೋನ್ ಮಾಡಿ. ಬೀದಿಯಲ್ಲಿ ಯಾರು ಪಟಾಕಿ ಹೊಡೆದರು, ಯಾರು ಬಾಗಿಲು ಹಾಕಿಕೊಂಡು ಕೂತರು, ಎಲ್ಲಾ ಹೇಳಿ. ಫೋನನ್ನು ಒಂದು ಗಳಿಗೆ ಕಿಟಕಿಯ ಹತ್ತಿರ ಹಿಡಿಯಿರಿ. ವಾಟ್ಸಾಪ್‌ಗೆ ಬಿಲ್ಲು ಬರುವುದಿಲ್ಲ, ನಿಮ್ಮ ಯಜಮಾನರೂ ಗಡಿಯಾರ ನೋಡಬೇಕಾಗಿಲ್ಲ.